ಇಲ್ಲದಿದ್ದರೆ

ಸೇಂಟ್ ಲೂಯಿಯಲ್ಲಿ, ದರ್ಜಿ ಅಂಗಡಿಯ ಮೇಲಿನ ಕೋಣೆ.
ಕೆಳಗೆ ಹೊಲಿಗೆ ಯಂತ್ರ ಓಡಿದಾಗಲೆಲ್ಲ
ನಮ್ಮ ಮೇಜು ನಡುಗಿ ಪರದೆಯ ಬಾಣ ಜಾರುತ್ತದೆ.
ನಾವು ಆರು ಹೆಂಗಸರು, ಎರಡು ಕಂಪ್ಯೂಟರು.
ಬೆರಳ ಸಂದಿಯ ಉಪ್ಪು ಎಷ್ಟು ತೊಳೆದರೂ ಹೋಗದು;
ಕೀಲಿಮಣೆಗೂ ಈಗ ಒಣಮೀನಿನ ವಾಸನೆ
ಎಂದು ನಗುತ್ತಾನೆ ಮೇಷ್ಟ್ರು ಉಮರ್.
ಅವನಿಗೆ ಇಪ್ಪತ್ಮೂರು. ನನ್ನ ಉಪ್ಪಿನ ತೊಟ್ಟಿಗೆ
ಅದಕ್ಕಿಂತ ನಾಲ್ಕು ವರ್ಷ ಹೆಚ್ಚು.

ಮೊದಲ ಪಾಠ ಪದರಗಳದ್ದು.
ಒಂದರ ಮೇಲೊಂದು ಗಾಜಿನ ಹಾಳೆ ಎಂದುಕೊಳ್ಳಿ, ಅಂದ.
ಯಾರ ತಲೆಗೂ ಹೋಗಲಿಲ್ಲ.
ಉಪ್ಪು, ಮೀನು, ಮೇಲೆ ಉಪ್ಪು, ಮತ್ತೆ ಮೀನು, ಅಂದೆ ನಾನು.
ಓಹೋ, ಎಂದರು ಐವರೂ.
ಉಮರ್ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ.

ಆಮೇಲೆ ಗಾಯ ಮಾಯಿಸುವ ಕುಂಚ.
ಪಕ್ಕದ ಒಳ್ಳೆ ಚರ್ಮ ಒಂದಿಷ್ಟು ಕಡ ತಂದು
ಕಲೆಯ ಮೇಲೆ ಸವರುವುದು.
ತೀರಿಸಬೇಕಿಲ್ಲದ ಸಾಲ! ಎಲ್ಲಿತ್ತಪ್ಪ ಇಷ್ಟು ದಿನ,
ಎಂದಳು ಮುದುಕಿ ಅರಾಮ್.

ಹಿಂದಕ್ಕೆ ತಿರುಗುವ ಬಾಣವೂ ಉಂಟು,
ಮಾಡಿದ್ದನ್ನು ಮಾಡಿಲ್ಲವೆನ್ನಿಸುತ್ತದೆ.
ಜೇನಬಾ ಒತ್ತಿದಳು, ಒತ್ತಿದಳು, ಒತ್ತುತ್ತಲೇ ಇದ್ದಳು.
ಇಪ್ಪತ್ತು ಹೆಜ್ಜೆಯಷ್ಟೇ ಹೋಗುವುದು, ಅಂದ ಹುಡುಗ, ಪಾಪ.
ಅವಳಿಗೆ ಬೇಕಿದ್ದದ್ದು ಒಂಬತ್ತು ವರ್ಷ.
ಆ ದಿನ ಬೇಗ ಬಾಗಿಲು ಹಾಕಿದೆವು.

ಗುರುತಿನ ಚೀಟಿಯ ಪಟಗಳಿಂದ ನಾಲ್ಕು ಕಾಸು ಬರತೊಡಗಿತು.
ಮದುಮಗಳೊಬ್ಬಳು ಬೆಳ್ಳಗೆ ಮಾಡಿಕೊಡು ಅಂದಳು.
ಮಾಡಿದೆ; ಅವಳ ತಾಯಿಯೇ
ಯಾರಮ್ಮ ಇವಳು ಅಂದಳು.
ದೋಣಿಯ ಮಾಲಾಮಿನ್ ಬಂದ. ಹುಬ್ಬಿನಿಂದ ಕಿವಿವರೆಗೆ ಗಾಯದ ಗೆರೆ.
ಹೊಸ ವಿದ್ಯೆಯ ಹುರುಪು ನನಗೆ, ಕೇಳದೆಯೇ ಅಳಿಸಿದೆ.
ಮರುದಿನ ಪಟ ಹಿಡಿದು ವಾಪಸ್ಸು ಬಂದ.
ಪೆಂಡಾ, ನನ್ನ ಗೆರೆ ಕೊಡು.
ಗಾಳ ಬರೆದದ್ದು ಅದು, ನೀನ್ಯಾರು ಒರೆಸಲಿಕ್ಕೆ?
ಹಿಂದಕ್ಕೆ, ಹಿಂದಕ್ಕೆ, ಹಿಂದಕ್ಕೆ. ಹತ್ತೊಂಬತ್ತನೇ ಹೆಜ್ಜೆಗೆ
ಗೆರೆ ಬಂತು. ಅವನು ಉಸಿರು ಬಿಟ್ಟ, ನಾನೂ.

ಮಳೆಗಾಲಕ್ಕೆ ಆ್ಯಪು ಕಟ್ಟುವುದು ಕಲಿಸಿದ.
ಬಣ್ಣದ ತುಂಡು, ತುಂಡಿಗೆ ತುಂಡು ಸಿಕ್ಕಿಸಬೇಕು.
ಏನು ಕಟ್ಟೋಣ? ಬೇರೆ ಯೋಚನೆಯೇ ಬರಲಿಲ್ಲ.
ನದಿ ಕಡಲಿಗೆ ಬಾಯಿ ತೆರೆಯುವಲ್ಲಿ
ಅಲೆ ಬೆನ್ನೆತ್ತಿ ನಿಲ್ಲುತ್ತದೆ. ಅದನ್ನು ದಾಟಿದ ದೋಣಿ
ಒಂದು ಗುಂಡಿ ಒತ್ತಲಿ: ಬಂದೆ.
ಒತ್ತಿದರೆ ಇಲ್ಲಿ ಒಂದು ಮುಖ ಹಸಿರಾಗಲಿ.

ಸರಿ, ಒತ್ತಿದರೆ ಹಸಿರು, ಅಂದ ಉಮರ್.
ಕೆಳಗೊಂದು ಖಾನೆ ಖಾಲಿ ಇದೆ ನೋಡಿ: ಇಲ್ಲದಿದ್ದರೆ.
ಅಲ್ಲೇನು ಹಾಕುತ್ತೀರಿ?

ಕೆಳಗೆ ಹೊಲಿಗೆ ಯಂತ್ರವೂ ನಿಂತಿತು.

ಕೆಂಪು ಬಣ್ಣ, ಎಂದಳೊಬ್ಬಳು. ಬೇಡ, ಎಂದಳು ಜೇನಬಾ.
ಗಂಟೆ ಬಾರಿಸಲಿ. ಬೇಡ.
ಖಾಲಿ ಬಿಡೋಣ. ಬಿಟ್ಟರೆ ಓಡುವುದಿಲ್ಲ, ಅಂದ ಅವನು.
ಎರಡು ವಾರ ಅದೊಂದು ಖಾನೆಯ ಮುಂದೆ ಕೂತೆವು.

ಕೊನೆಗೆ ಹೇಳಿದಳು ಜೇನಬಾ:
ಆ ರಾತ್ರಿ ನಾನು ಒಬ್ಬಳೇ ದಡದಲ್ಲಿದ್ದೆ.
ಬಣ್ಣ ಬೇಡ. ಆರು ಫೋನೂ ಒಟ್ಟಿಗೆ ಮೊಳಗಲಿ.

ಹಾಗೇ ಕಟ್ಟಿದೆವು. ಹನ್ನೊಂದನೇ ರಾತ್ರಿ
ಮೊಳಗಿತು. ಮಾಲಾಮಿನ್ ದೋಣಿ.
ಆರು ಬಾಗಿಲು, ಆರು ಟಾರ್ಚು, ಒಬ್ಬಳ ಕಾಲಿಗೆ ಗಂಡನ ಚಪ್ಪಲಿ,
ಮರಳ ಮೇಲೆ ಬಿದ್ದೆದ್ದು ಓಡಿದರೆ
ದೋಣಿ ಆಗಲೇ ದಡದಲ್ಲಿ. ಗುಂಡಿ ಒತ್ತಬೇಕಾದ ಹುಡುಗ ಬಿರಾಮ
ಬಲೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ!
ಜೇನಬಾ ಅವನ ಕಿವಿ ಹಿಂಡಿದಳು.
ಹಿಂಡಿ, ತಲೆ ಸವರಿ, ಮತ್ತೆ ಹಿಂಡಿದಳು.

ಅವನು ನಿದ್ದೆಗಣ್ಣಲ್ಲೇ ಒತ್ತಿದ.
ಆರು ಅಂಗೈಗಳಲ್ಲಿ ಹೆಬ್ಬೆಟ್ಟಿನಷ್ಟು ಮುಖ ಹಸಿರಾಯಿತು,
ಅಷ್ಟು ಚಿಕ್ಕದರಲ್ಲೂ ಕಾಣುತ್ತಿತ್ತು
ಹುಬ್ಬಿನಿಂದ ಕಿವಿವರೆಗೆ, ಗೆರೆ.